‘ಸೈಲಸ್ ಮಾರ್ನರ್’ ಅನ್ನು ಕಿವಿಯಲ್ಲಿ ಓದುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾರ್ಜ್ ಎಲಿಯಟ್ ಅವರ ‘ಸೈಲಸ್ ಮಾರ್ನರ್’ ಕಾದಂಬರಿಯ ಆಡಿಯೋಬುಕ್ಕನ್ನು ನಾನು ಮೂರು ಸಲ ಕೇಳಿದ್ದೇನೆ. ಮೊದಲನೇ ಸಲ ತಪ್ಪಾಗಿ, ಆಮೇಲೆ ಎರಡು ಸಲ ಸರಿಯಾಗಿ. ನೀವೂ ಕೇಳಿ, ನೀವೂ ಕೇಳಿ ಅಂತ ಸ್ನೇಹಿತರಿಗೆಲ್ಲ ಗಂಟುಬಿದ್ದೆ. ಕೇಳಲು ಹೊರಟವರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳಿದರು. ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಬರೆದು ಬೆರಳು ಸೋತಿತು, ಅದಕ್ಕೇ ಎಲ್ಲ ಒಂದೇ ಕಡೆ ಹಾಕಿದ್ದೇನೆ. ಕೊನೆಗೆ ಏನಾಗುತ್ತೆ ಅನ್ನೋದನ್ನು ಮಾತ್ರ ಎಲ್ಲೂ ಬಿಟ್ಟುಕೊಟ್ಟಿಲ್ಲ.

ಇದು ಯಾವ ಪುಸ್ತಕ? ಕತೆ ಏನು?

1861ರ ಏಪ್ರಿಲ್‌ನಲ್ಲಿ ಪ್ರಕಟವಾದ ಇಂಗ್ಲಿಷ್ ಕಾದಂಬರಿ. ಜಾರ್ಜ್ ಎಲಿಯಟ್ ಅನ್ನೋದು ಕಾವ್ಯನಾಮ. ಬರೆದಾಕೆಯ ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್. 1819ರಲ್ಲಿ ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ, ನನೀಟನ್ ಎಂಬ ಊರಿನ ಹತ್ತಿರ ಹುಟ್ಟಿದವರು. ಅವರ ಅಪ್ಪ ಅಲ್ಲಿನ ಜಮೀನ್ದಾರರೊಬ್ಬರ ಎಸ್ಟೇಟ್ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಹಳ್ಳಿಯ ಒಳಹೊರಗೆಲ್ಲ ಆಕೆಗೆ ಚಿಕ್ಕಂದಿನಿಂದಲೇ ಗೊತ್ತು.

ಸೈಲಸ್ ಒಬ್ಬ ನೇಕಾರ. ಉತ್ತರದ ಒಂದು ಪಟ್ಟಣದ ಲ್ಯಾಂಟರ್ನ್ ಯಾರ್ಡ್ ಎಂಬ ಕಡೆ, ಒಂದು ಸಣ್ಣ ಕ್ರೈಸ್ತ ಪಂಗಡದೊಳಗೆ ಬೆಳೆದವನು. ಜೀವದ ಗೆಳೆಯನೇ ಅವನ ತಲೆಗೆ ಕಳ್ಳತನ ಕಟ್ಟುತ್ತಾನೆ. ಪಂಗಡದವರು ಚೀಟಿ ಎತ್ತಿ ತೀರ್ಮಾನ ಮಾಡುತ್ತಾರೆ. ಚೀಟಿಯಲ್ಲಿ ಇವನೇ ಕಳ್ಳ ಅಂತ ಬರುತ್ತದೆ. ಇವನನ್ನು ಮದುವೆಯಾಗಬೇಕಿದ್ದ ಹುಡುಗಿ ಆ ಗೆಳೆಯನನ್ನೇ ಕಟ್ಟಿಕೊಳ್ಳುತ್ತಾಳೆ. ಸೈಲಸ್ ಊರು ಬಿಟ್ಟು ರಾವೆಲೋ ಎಂಬ ಹಳ್ಳಿಗೆ ಬರುತ್ತಾನೆ. ಹಾಳುಬಿದ್ದ ಕಲ್ಲುಗಣಿಯ ಪಕ್ಕದ ಮನೆಯಲ್ಲಿ ಹದಿನೈದು ವರ್ಷ ಒಬ್ಬನೇ ನೇಯುತ್ತಾನೆ. ರಾತ್ರಿ ಕದ ಹಾಕಿಕೊಂಡು ಚಿನ್ನದ ನಾಣ್ಯ ಎಣಿಸುವುದೊಂದೇ ಅವನಿಗೆ ಸುಖ. ಒಂದು ರಾತ್ರಿ ಅಷ್ಟೂ ಚಿನ್ನ ಕಳುವಾಗುತ್ತದೆ. ಆಮೇಲೆ, ಹೊಸ ವರ್ಷದ ಹಿಂದಿನ ರಾತ್ರಿ, ಹಿಮ ಬೀಳುವಾಗ, ತೆರೆದಿದ್ದ ಬಾಗಿಲಿನಿಂದ ಒಂದು ಮಗು ಒಳಗೆ ಬರುತ್ತದೆ. ಇಷ್ಟನ್ನು ಪುಸ್ತಕದ ಹಿಂಬದಿಯಲ್ಲೇ ಹಾಕಿರುತ್ತಾರೆ, ಹೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.

ಕೇಳೋದೇ ಯಾಕೆ? ಓದಿದರೆ ಆಗಲ್ವಾ?

ಆಗುತ್ತೆ. ನಾನೂ ಕಾಲೇಜಿನಲ್ಲಿ ಓದಿದ್ದೆ, ಅದೂ ಒಂದು ಕತ್ತರಿಸಿದ ಪ್ರತಿ. ಆಗ ಅದು ನನಗೆ ಒಂದು ನೀತಿಕತೆ ಅಷ್ಟೇ ಆಗಿತ್ತು. ಕೇಳಿದಾಗ ಗೊತ್ತಾಗಿದ್ದು, ಇದು ಮಾತಿನ ಪುಸ್ತಕ ಅಂತ.

ಇದಕ್ಕೆ ಬರೆದಾಕೆಯ ಸಾಕ್ಷಿಯೂ ಇದೆ. ತನ್ನ ಪ್ರಕಾಶಕ ಬ್ಲ್ಯಾಕ್‌ವುಡ್‌ಗೆ 1861ರ ಫೆಬ್ರವರಿಯಲ್ಲಿ ಬರೆದ ಪತ್ರದಲ್ಲಿ ಆಕೆ ಈ ಕತೆ ಎಲ್ಲಿಂದ ಬಂತು ಅಂತ ಹೇಳಿದ್ದಾರೆ. ಚಿಕ್ಕ ಹುಡುಗಿಯಾಗಿದ್ದಾಗ ಬೆನ್ನ ಮೇಲೆ ಚೀಲ ಹೊತ್ತ ಒಬ್ಬ ನೇಕಾರನನ್ನು ನೋಡಿದ್ದ ನೆನಪಂತೆ. ಇದನ್ನು ಪದ್ಯವಾಗಿ ಬರೆದಿದ್ದರೇ ಚೆನ್ನಾಗಿತ್ತೇನೋ ಅನ್ನಿಸುತ್ತಿತ್ತು, ಆದರೆ ಪದ್ಯದಲ್ಲಿ ಹಾಸ್ಯಕ್ಕೆ ಇಷ್ಟು ಜಾಗ ಸಿಗುತ್ತಿರಲಿಲ್ಲ ಅಂತಲೂ ಬರೆದಿದ್ದಾರೆ. ಪದ್ಯವಾಗಬೇಕಿದ್ದ ಕತೆ ಕಿವಿಗೆ ಒಗ್ಗುವುದರಲ್ಲಿ ಆಶ್ಚರ್ಯ ಇಲ್ಲ. ಸಂಜೆ ಹೊತ್ತು ಒಬ್ಬರಿಗೊಬ್ಬರು ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವುದು ಆಕೆಗೂ ಆಕೆಯ ಸಂಗಾತಿ ಜಾರ್ಜ್ ಲೂಯಿಸ್‌ಗೂ ರೂಢಿಯಾಗಿತ್ತು. ಆ ಕಾಲದ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು. ಗಮಕ ಕೇಳಿ ಭಾರತ ಕಲಿತವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ನನ್ನ ಸ್ವಂತದ್ದು. ಮೊದಲ ಅಧ್ಯಾಯದಲ್ಲೇ ಸೈಲಸ್‌ನ ಮಗ್ಗದ ಸದ್ದು ಬರುತ್ತದೆ. ಹಳ್ಳಿಯ ಹುಡುಗರಿಗೆ ಕಾಳು ತೂರುವ, ತೆನೆ ಬಡಿಯುವ ಸದ್ದು ಗೊತ್ತು, ಈ ಸದ್ದು ಗೊತ್ತಿಲ್ಲ. ಅದಕ್ಕೇ ಕಿಟಕಿಯಲ್ಲಿ ಇಣುಕುತ್ತಾರೆ. ಅವನು ಮಗ್ಗ ಬಿಟ್ಟು ಇಳಿದು ಬಾಗಿಲಿಗೆ ಬಂದು ದುರುಗುಟ್ಟಿ ನೋಡುತ್ತಾನೆ. ಹುಡುಗರು ಪರಾರಿ. ನಮ್ಮಜ್ಜನ ಮನೆಯಲ್ಲಿ ಕೈಮಗ್ಗ ಇತ್ತು. ಲಾಳಿ ಈ ಕಡೆಯಿಂದ ಆ ಕಡೆಗೆ ಓಡುವಾಗ ಒಂದು ಸದ್ದು, ಹಣಿಗೆ ಬಡಿದಾಗ ಇನ್ನೊಂದು. ಇಣುಕಿ ಬೈಸಿಕೊಂಡ ಹುಡುಗರಲ್ಲಿ ನಾನೂ ಒಬ್ಬ. ಓದಿದಾಗ ಇದು ನೆನಪಾಗಿರಲಿಲ್ಲ, ಕೇಳಿದಾಗ ಆಯಿತು.

ಎಷ್ಟು ಗಂಟೆ ಆಗುತ್ತೆ?

ಓದುವವರ ವೇಗ ನೋಡಿಕೊಂಡು 7ರಿಂದ 8 ಗಂಟೆ. ಒಟ್ಟು 21 ಅಧ್ಯಾಯ, ಕೊನೆಗೆ ಐದಾರು ನಿಮಿಷದ ಒಂದು ಉಪಸಂಹಾರ. ದಿನಕ್ಕೊಂದು ಅಧ್ಯಾಯ ಅಂದ್ರೂ ಮೂರು ವಾರದಲ್ಲಿ ಮುಗಿಯುತ್ತದೆ. ಅದೇ ಲೇಖಕಿಯ ‘ಮಿಡಲ್‌ಮಾರ್ಚ್’ 30 ಗಂಟೆ ದಾಟುತ್ತದೆ. ಮೊದಲೇ ಅದಕ್ಕೆ ಕೈ ಹಾಕಿ ಸುಸ್ತಾದವರನ್ನು ನೋಡಿದ್ದೇನೆ.

ಎಲ್ಲಿ ಸಿಗುತ್ತೆ? ದುಡ್ಡು ಕೊಡಬೇಕಾ? ಕಾನೂನಿನ ತೊಂದರೆ ಇಲ್ವಾ?

ಲಿಬ್ರಿವಾಕ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. 2005ರಲ್ಲಿ ಶುರುವಾದ ಜಾಲ ಅದು. ಸಂಬಳ ಇಲ್ಲದೆ, ಪ್ರೀತಿಗೆ ಓದುವ ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಓದಿ ಹಾಕುತ್ತಾರೆ. ಪ್ರತಿ ಅಧ್ಯಾಯದ ಶುರುವಿನಲ್ಲೂ ಇದು ಲಿಬ್ರಿವಾಕ್ಸ್ ಧ್ವನಿಮುದ್ರಣ ಅಂತ ಹೇಳುತ್ತಾರೆ, ಮೂರನೇ ಅಧ್ಯಾಯದ ಹೊತ್ತಿಗೆ ಅದು ಬಾಯಿಪಾಠ ಆಗಿರುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗಳಲ್ಲಿ ನಟರು ಓದಿದ ಪ್ರತಿಗಳೂ ಇವೆ.

ಕಾನೂನಿನ ವಿಷಯಕ್ಕೆ ಬಂದರೆ, ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದಮೇಲೆ ಕೃತಿಯ ಹಕ್ಕು ಮುಗಿಯುತ್ತದೆ. ಈಕೆ ತೀರಿಕೊಂಡಿದ್ದು 1880ರಲ್ಲಿ. ಪುಸ್ತಕ ಎಲ್ಲರದು. ಲಿಬ್ರಿವಾಕ್ಸ್‌ನವರು ತಮ್ಮ ಧ್ವನಿಯ ಹಕ್ಕನ್ನೂ ಬಿಟ್ಟುಕೊಟ್ಟಿರುತ್ತಾರೆ. ಆದರೆ ನಟರೊಬ್ಬರು ಈಚೆಗೆ ಓದಿ ಮಾರಾಟಕ್ಕಿಟ್ಟ ಧ್ವನಿಗೆ ಬೇರೆಯೇ ಹಕ್ಕು ಇರುತ್ತದೆ. ಅದನ್ನು ಗುಂಪುಗಳಲ್ಲಿ ಹಂಚಬೇಡಿ.

64 ಕೆಬಿಪಿಎಸ್ (ಅಂದ್ರೆ ಒಂದು ಸೆಕೆಂಡಿನ ಧ್ವನಿಗೆ 64 ಕಿಲೋಬಿಟ್) ಫೈಲಾದರೆ ಗಂಟೆಗೆ 29 ಎಂಬಿ ಲೆಕ್ಕ. ಇಡೀ ಪುಸ್ತಕ 200ರಿಂದ 230 ಎಂಬಿ ಒಳಗೆ ಮುಗಿಯುತ್ತದೆ. ವೈಫೈ ಇರುವಾಗ ಇಳಿಸಿಟ್ಟುಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ಹೋದಾಗ ಸರಿಯಾಗಿ ಕಳ್ಳತನದ ಅಧ್ಯಾಯ ನಿಂತುಹೋಗುತ್ತದೆ.

ನೀವು ತಪ್ಪಾಗಿ ಕೇಳಿದೆ ಅಂದ್ರಲ್ಲ, ಅದು ಹೇಗೆ?

ಯಾವುದೋ ಒಂದು ತಾಣದಿಂದ ಫೈಲುಗಳನ್ನು ಇಳಿಸಿಕೊಂಡಿದ್ದೆ. ಅವರು 1, 2, 3 ಅಂತ ಹೆಸರಿಟ್ಟಿದ್ದರು, 01, 02 ಅಂತ ಅಲ್ಲ. ನನ್ನ ಹಳೇ ಫೋನು ಅದನ್ನು ಅಕ್ಷರದ ಲೆಕ್ಕದಲ್ಲಿ ಜೋಡಿಸಿತು. ಒಂದಾದ ಮೇಲೆ ಹತ್ತು, ಹನ್ನೊಂದು, ಹನ್ನೆರಡು. ಹೀಗೆ ಹತ್ತೊಂಬತ್ತರವರೆಗೆ ಹೋಗಿ ಆಮೇಲೆ ಎರಡು.

ಒಂದನೇ ಅಧ್ಯಾಯದಲ್ಲಿ ಸೈಲಸ್ ಊರು ಬಿಡುತ್ತಾನೆ. ಮುಂದಿನ ಫೈಲಿನಲ್ಲಿ ಯಾರೋ ನ್ಯಾಯಾಧೀಶರು ಯಾವುದೋ ಕಳ್ಳತನದ ತನಿಖೆ ಮಾಡುತ್ತಿದ್ದಾರೆ. ಆಹಾ, 1861ರಲ್ಲೇ ಎಂಥ ಹೊಸ ತಂತ್ರ, ಕತೆಯನ್ನು ನಡುವಿಂದ ಎತ್ತಿಕೊಂಡಿದ್ದಾರೆ ಅಂದುಕೊಂಡೆ. ಚಿನ್ನ ಹೋಗುವ ಮೊದಲೇ ಮಗು ಬಂತು. ಮಗು ಬೆಳೆದು ಹದಿನೆಂಟು ವರ್ಷದ ಹುಡುಗಿಯಾದಳು. ಹತ್ತೊಂಬತ್ತನೇ ಅಧ್ಯಾಯ ಮುಗಿದದ್ದೇ ಸೈಲಸ್ ಮತ್ತೆ ಹೊಸಬನಾಗಿ ರಾವೆಲೋದಲ್ಲಿ ಮಗ್ಗದ ಮುಂದೆ ಕೂತ. ಅಷ್ಟು ಹೊತ್ತಿಗೆ ನಾನು ಇಬ್ಬರಿಗೆ ಫೋನ್ ಮಾಡಿ ಲೇಖಕಿಯ ಕಾಲ ನಿರ್ವಹಣೆ ಬಗ್ಗೆ ಮಾತಾಡಿ ಆಗಿತ್ತು.

ಶುರು ಮಾಡುವ ಮುಂಚೆ ಫೈಲುಗಳ ಸಾಲು ನೋಡಿ. ಒಂದಂಕಿಯ ನಂಬರುಗಳ ಎಡಕ್ಕೆ ಸೊನ್ನೆ ಸೇರಿಸಿದರೆ ಸರಿಹೋಗುತ್ತದೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅರ್ಥ ಆಗುತ್ತಾ?

ಮೊದಲ ಮೂರು ಅಧ್ಯಾಯ ಕಷ್ಟ. ವಾಕ್ಯಗಳು ಉದ್ದ. ಕ್ರಿಯಾಪದ ಬರುವ ಹೊತ್ತಿಗೆ ಕರ್ತೃ ಮರೆತುಹೋಗಿರುತ್ತದೆ. ಆದರೆ ಕಣ್ಣಲ್ಲಿ ಓದುವಾಗ ಆ ವಾಕ್ಯವನ್ನು ನೀವೇ ಬಿಡಿಸಬೇಕು. ಕೇಳುವಾಗ ಓದುವವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಅಂತ ಬಿಡಿಸಿಯೇ ಕೊಡುತ್ತಾರೆ.

ತುಂಬಾ ಕಷ್ಟ ಅನ್ನಿಸಿದರೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪಠ್ಯ ಪುಕ್ಕಟೆ ಇದೆ. ಒಂದು ಅಧ್ಯಾಯ ಕೇಳಿ, ಸಿಕ್ಕು ಬಿದ್ದ ಜಾಗವನ್ನು ಮಾತ್ರ ಕಣ್ಣಲ್ಲಿ ನೋಡಿ. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ.

ಶುರುವಿನಲ್ಲೇ ನಿದ್ದೆ ಬರುತ್ತೆ. ಬಿಟ್ಟುಬಿಡಲಾ?

ಆರನೇ ಅಧ್ಯಾಯದವರೆಗೆ ಬಿಡಬೇಡಿ. ಇದೊಂದೇ ನನ್ನ ಹಟ. ಅಲ್ಲೂ ಹಿಡಿಸದಿದ್ದರೆ ಈ ಪುಸ್ತಕ ನಿಮ್ಮದಲ್ಲ, ಬೇರೆ ಹಾಕಿಕೊಳ್ಳಿ.

ಆರನೇ ಅಧ್ಯಾಯದಲ್ಲಿ ಅಂಥದ್ದೇನಿದೆ?

ಏನೂ ಇಲ್ಲ. ಹೆಂಡದಂಗಡಿಯಲ್ಲಿ ಕೂತು ಮಾತಾಡುತ್ತಾರೆ ಅಷ್ಟೇ!

ಐದನೇ ಅಧ್ಯಾಯದ ಕೊನೆಯಲ್ಲಿ ಸೈಲಸ್ ಚಿನ್ನ ಹೋಗಿದ್ದು ಕಂಡು, ಹುಚ್ಚನ ಹಾಗೆ ಮಳೆಯಲ್ಲಿ ರೈನ್‌ಬೋ ಎಂಬ ಹೆಂಡದಂಗಡಿಯ ಕಡೆ ಓಡುತ್ತಾನೆ. ಮುಂದೇನು ಅಂತ ನಾವು ಕಾಯುತ್ತಿದ್ದರೆ, ಲೇಖಕಿ ಅವನನ್ನು ಬಾಗಿಲಾಚೆ ಬಿಟ್ಟು ನಮ್ಮನ್ನು ಒಳಗೆ ಕೂರಿಸುತ್ತಾರೆ. ಒಳಗೆ ಯಾರಿಗೂ ಅವಸರ ಇಲ್ಲ. ಪೈಪು ಸೇದುತ್ತಾ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದಾರೆ. ಮೊದಲು ರೆಪ್ಪೆ ಬಡಿದವನು ಸೋತ ಅಂತ ಪಂಥ ಕಟ್ಟಿದವರ ಹಾಗೆ. ಅಂಗಡಿಯ ಯಜಮಾನ ಕಸಾಯಿಯವನನ್ನು, ನಿನ್ನೆ ಒಳ್ಳೇ ದನ ಹೊಡ್ಕೊಂಡು ಬಂದೆ ಅಂತಾರಲ್ಲಪ್ಪ ಅನ್ನುತ್ತಾನೆ. ಕಸಾಯಿಯವನು ನಾಲ್ಕು ದಂ ಎಳೆದು, ಉಗುಳಿ, ಅಂದೋರದು ತಪ್ಪೇನಿಲ್ಲ ಅನ್ನುತ್ತಾನೆ. ಕೆಂಪು ಡರ್ಹಾಮ್ ತಳಿಯಾ ಅಂತ ಕುದುರೆ ಲಾಳದವನು ಕೇಳುತ್ತಾನೆ. ಕೆಂಪು ಅಂದ್ರೆ ಕೆಂಪೇ, ಡರ್ಹಾಮ್ ಅಂದ್ರೆ ಡರ್ಹಾಮೇ. ಅಲ್ಲಿಂದ ಜಗಳ. ಯಜಮಾನನದು ಒಂದೇ ಪಲ್ಲವಿ: ನಿನ್ನದೂ ಸರಿ, ನಿನ್ನದೂ ಸರಿ, ಇಬ್ಬರದೂ ತಪ್ಪು.

ಆಮೇಲೆ ಮೇಸಿ ಅಂತ ಒಬ್ಬ ಮುದುಕ, ದರ್ಜಿ ಮತ್ತು ಚರ್ಚಿನ ಗುಮಾಸ್ತ, ಹಳೇ ಮದುವೆಯೊಂದರ ಕತೆ ತೆಗೆಯುತ್ತಾನೆ. ಪಾದ್ರಿ ಬಾಯಿ ತಪ್ಪಿ ಮದುಮಗನಿಗೆ ಕೇಳಬೇಕಾದ್ದನ್ನು ಮದುಮಗಳಿಗೆ, ಅವಳಿಗೆ ಕೇಳಬೇಕಾದ್ದನ್ನು ಇವನಿಗೆ ಕೇಳಿಬಿಟ್ಟಿದ್ದಾರೆ. ಇಬ್ಬರೂ ಹೂಂ ಅಂದಿದ್ದಾರೆ. ಮೇಸಿಗೆ ತಲೆಬಿಸಿ: ಮದುವೆ ಗಟ್ಟಿ ಆಗೋದು ಮಾತಿನಿಂದಲೋ, ಮಾತಿನ ಅರ್ಥದಿಂದಲೋ? ಪಾದ್ರಿಯನ್ನೇ ಕೇಳಿದರೆ ಅವರು, ಎರಡೂ ಅಲ್ಲಪ್ಪ, ರಿಜಿಸ್ಟರು, ಅದೇ ಗೋಂದು ಅನ್ನುತ್ತಾರೆ. ಈ ಕತೆ ಅಲ್ಲಿದ್ದವರೆಲ್ಲ ಎಷ್ಟೋ ಸಲ ಕೇಳಿದ್ದೇ. ಆದರೂ ಎಲ್ಲಿ ಯಾವ ಪ್ರಶ್ನೆ ಕೇಳಬೇಕೋ ಅಲ್ಲಿ ಅದನ್ನೇ ಕೇಳಿ ಮುದುಕನಿಂದ ಹೇಳಿಸುತ್ತಾರೆ. ನಮ್ಮ ಜಗಲಿಗಳಲ್ಲಿ ಇದನ್ನು ನೋಡದವರು ಯಾರು?

ಕೊನೆಗೆ ಮಾತು ದೆವ್ವದ ಕಡೆ ತಿರುಗುತ್ತದೆ. ದೆವ್ವ ಇದೆ, ಇಲ್ಲ, ಪಂಥ ಕಟ್ಟು ಅಂತ ಕೂಗಾಡುತ್ತಿರುವಾಗ ಬೆಳಕಿನಲ್ಲಿ ಬಿಳಚಿಕೊಂಡ ಒಂದು ಆಕೃತಿ ನಿಂತಿರುತ್ತದೆ. ಸೈಲಸ್. ಇದನ್ನು ಇಯರ್‌ಫೋನ್ ಹಾಕಿಕೊಂಡು ಕೇಳಬೇಕು. ಬಸ್ಸಿನಲ್ಲಿ ನಾನು ಒಬ್ಬನೇ ನಕ್ಕು ಪಕ್ಕದವರು ಸರಿದು ಕೂತರು.

ಡಾಲಿ ಅನ್ನೋಳು ದೇವರನ್ನು ‘ಅವರು’ ಅಂತಾಳಲ್ಲ, ಎಷ್ಟು ದೇವರು?

ಒಬ್ಬನೇ. ಡಾಲಿ ವಿನ್‌ತ್ರಾಪ್ ಬಂಡಿ ಗಾಲಿ ಮಾಡುವವನ ಹೆಂಡತಿ. ಸೈಲಸ್‌ಗೆ ಕೇಕು ತಂದುಕೊಟ್ಟು ಸಮಾಧಾನ ಹೇಳುವವಳು. ಇಂಗ್ಲಿಷಿನಲ್ಲಿ ದೇವರಿಗೆ ಏಕವಚನ. ಇವಳು ಮಾತ್ರ ಬಹುವಚನದಲ್ಲಿ, ಮೇಲಿರೋರು ಅಂತ ಹೇಳುತ್ತಾಳೆ. ಲೇಖಕಿ ಇಂಗ್ಲಿಷ್ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ: ಇದು ಅಪನಂಬಿಕೆ ಅಲ್ಲ, ದೇವರ ಜೊತೆ ಅತಿ ಸಲಿಗೆ ತೋರಿಸಬಾರದು ಅಂತ ಹೀಗೆ. ನಮಗೆ ಬಿಡಿಸಿ ಹೇಳಬೇಕಾ? ನಮ್ಮ ‘ದೇವರು’ ಅನ್ನೋ ಪದದಲ್ಲೇ ಆ ‘ರು’ ಕೂತಿದೆ.

ಅವಳು ತರುವ ಕೇಕಿನ ಮೇಲೆ ಐ, ಎಚ್, ಎಸ್ ಅಂತ ಅಕ್ಷರ ಚುಚ್ಚಿರುತ್ತಾಳೆ. ಅದು ಯೇಸುವಿನ ಹೆಸರಿನ ಗುರುತು. ಚರ್ಚಿನ ಬಟ್ಟೆ ಮೇಲೆ ನೋಡಿ ಹಾಕಿದ್ದು. ಅವಳಿಗೆ ಓದಲು ಬರುವುದಿಲ್ಲ, ಸೈಲಸ್‌ಗೆ ಅಕ್ಷರ ಓದಲು ಬಂದರೂ ಅರ್ಥ ಗೊತ್ತಿಲ್ಲ. ಏನೋ ಒಳ್ಳೇದೇ ಇರಬೇಕು ಅಂತ ಇಬ್ಬರೂ ಒಪ್ಪಿಕೊಳ್ಳುತ್ತಾರೆ.

ಯಾರ ದನಿ ಆರಿಸಿಕೊಳ್ಳೋದು?

ಗಂಡಸೋ ಹೆಂಗಸೋ ಅನ್ನೋದು ಮುಖ್ಯ ಅಲ್ಲ. ಆರನೇ ಅಧ್ಯಾಯದ ಎರಡು ನಿಮಿಷ ಕೇಳಿ ನೋಡಿ. ಮೇಸಿ ಮತ್ತು ಕಸಾಯಿಯವನು ಬೇರೆ ಬೇರೆ ಆಳು ಅನ್ನಿಸಿದರೆ ಆ ದನಿ ಸಾಕು. ಇಂಗ್ಲೆಂಡಿನ ನಡುನಾಡಿನ ಹಳ್ಳಿ ಉಚ್ಚಾರ ಬಂದರೆ ಇನ್ನೂ ಚೆನ್ನ, ಆದರೆ ಕೆಲವರು ಅದನ್ನು ಅತಿ ಮಾಡಿ ನಾಟಕ ಕಂಪನಿ ಮಾಡಿಬಿಡುತ್ತಾರೆ. ಈಗೀಗ ಕಂಪ್ಯೂಟರ್ ದನಿಯಲ್ಲಿ ಓದಿಸಿ ಹಾಕಿದ ಪ್ರತಿಗಳೂ ತುಂಬಾ ಇವೆ. ಜಗಳ, ಜೋಗುಳ, ದೆವ್ವ ಎಲ್ಲವೂ ಒಂದೇ ಹದದಲ್ಲಿ ಬಂದರೆ ಅದೇ ಅಂತ ತಿಳ್ಕೊಳ್ಳಿ.

ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬರು ಓದಿದ ಪ್ರತಿ ಬೇಡ. ಹತ್ತನೇ ಅಧ್ಯಾಯದ ಡಾಲಿ ಹದಿನಾಲ್ಕರಲ್ಲಿ ಬೇರೆ ಹೆಂಗಸಾಗಿರುತ್ತಾಳೆ.

ಅಡುಗೆ ಮಾಡ್ತಾ, ಗಾಡಿ ಓಡಿಸ್ತಾ ಕೇಳಬಹುದಾ?

ಬಟ್ಟೆ ಮಡಿಸುವಾಗ, ಕಾಳು ಆರಿಸುವಾಗ ಧಾರಾಳವಾಗಿ. ಬೈಕಿನಲ್ಲಿ ಬೇಡವೇ ಬೇಡ. ಒಗ್ಗರಣೆ ಹಾಕುವಾಗಲೂ ಬೇಡ ಅಂತ ನನ್ನ ಅನುಭವ. ಕಳ್ಳ ಒಳಗೆ ಬರುವಾಗ ಸೈಲಸ್‌ನ ಬಾಗಿಲಿಗೆ ಬೀಗ ಯಾಕೆ ಇರಲಿಲ್ಲ ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಹಿಂದಕ್ಕೆ ಹೋಗಿ ಕೇಳಿದರೆ, ಬೆಂಕಿಯ ಮುಂದೆ ಮಾಂಸ ತೂಗುಹಾಕಿದ ದಾರವನ್ನು ಆ ದೊಡ್ಡ ಬೀಗದ ಕೈಯೊಳಗೆ ತೂರಿಸಿ ಕಟ್ಟಿದ್ದಾನೆ! ಅದನ್ನು ತೆಗೆದರೆ ಊಟ ಕೆಡುತ್ತೆ ಅಂತ ಬಾಗಿಲನ್ನು ಹಾಗೇ ಬಿಟ್ಟು ಹೋಗಿದ್ದಾನೆ. ಸಾಸಿವೆ ಸಿಡಿದ ಸದ್ದಿನಲ್ಲಿ ನನಗೆ ಆ ಸಾಲು ತಪ್ಪಿಹೋಗಿತ್ತು.

ಮಲಗುವಾಗ ಕೇಳುವುದಾದರೆ ಸ್ಲೀಪ್ ಟೈಮರ್ 20 ನಿಮಿಷಕ್ಕೆ ಇಡಿ.

ಸ್ಪೀಡ್ ಜಾಸ್ತಿ ಮಾಡಬಹುದಾ?

1.25ರವರೆಗೆ ತೊಂದರೆ ಇಲ್ಲ. ಆದರೆ ಹನ್ನೆರಡನೇ ಅಧ್ಯಾಯದ ಕೊನೆಗೆ ಒಂದಕ್ಕೆ ಇಳಿಸಿ. ಸೈಲಸ್‌ಗೆ ಆಗಾಗ ಮೈ ಮರಗಟ್ಟಿ ಜ್ಞಾನ ತಪ್ಪುವ ಕಾಯಿಲೆ ಇದೆ. ಬಾಗಿಲು ಹಿಡಿದು ನಿಂತಾಗಲೇ ಅದು ಬಂದು, ಮಗು ಬೆಳಕು ನೋಡಿಕೊಂಡು ಒಳಗೆ ಹೋಗಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಎಚ್ಚರಾಗಿ ಒಲೆಯ ಕಡೆ ತಿರುಗುತ್ತಾನೆ. ದೃಷ್ಟಿ ಮಂದ. ನೆಲದ ಮೇಲೆ ಚಿನ್ನದ ಬಣ್ಣ ಕಾಣುತ್ತದೆ. ಹೋಗಿದ್ದ ಚಿನ್ನ ತಿರುಗಿ ಬಂತು ಅಂತ ಕೈ ಚಾಚುತ್ತಾನೆ. ಗಟ್ಟಿ ನಾಣ್ಯದ ಬದಲು ಬೆರಳಿಗೆ ಮೆತ್ತಗೆ, ಬೆಚ್ಚಗೆ ಗುಂಗುರು ಕೂದಲು ಸಿಗುತ್ತದೆ. ಇದನ್ನು ಒಂದೂವರೆ ಸ್ಪೀಡಿನಲ್ಲಿ ಕೇಳೋದು, ಪಾಯಸ ಗಟಗಟ ಕುಡಿದ ಹಾಗೆ.

ಪೌಂಡ್, ಗಿನಿ, ಶಿಲ್ಲಿಂಗ್ ಲೆಕ್ಕ ತಲೆಗೆ ಹೋಗ್ತಿಲ್ಲ.

ಒಂದು ಪೌಂಡ್‌ಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗ್‌ಗೆ 12 ಪೆನ್ನಿ. ಗಿನಿ ಅಂದ್ರೆ 21 ಶಿಲ್ಲಿಂಗ್ ಬೆಲೆಯ ಚಿನ್ನದ ನಾಣ್ಯ. ರಾವೆಲೋದಲ್ಲಿ ಸೈಲಸ್‌ನ ಮೊದಲ ಕೆಲಸಕ್ಕೆ ಸಿಕ್ಕಿದ್ದು ಐದು ಗಿನಿ. ಕಳೆದುಕೊಂಡಿದ್ದು 272 ಪೌಂಡ್, 12 ಶಿಲ್ಲಿಂಗ್, 6 ಪೆನ್ಸ್. ಆ ಆರು ಪೆನ್ಸನ್ನೂ ಬಿಡದೆ ಹೇಳುತ್ತಾನೆ ಅನ್ನೋದೇ ಅಲ್ಲಿ ಮುಖ್ಯ.

ಮಕ್ಕಳ ಜೊತೆ ಕೂತು ಕೇಳಬಹುದಾ?

ಹನ್ನೆರಡು ದಾಟಿದವರ ಜೊತೆ ಆಗಬಹುದು. ಅಫೀಮಿನ ಚಟಕ್ಕೆ ಬಿದ್ದ ಒಬ್ಬ ತಾಯಿ ಹಿಮದಲ್ಲಿ ಸಾಯುತ್ತಾಳೆ, ಅದಕ್ಕೆ ಸಿದ್ಧರಿರಿ. ಚಿಕ್ಕವರಿಗೆ ಹದಿನಾಲ್ಕನೇ ಅಧ್ಯಾಯ ಒಂದನ್ನೇ ಹಾಕಿ. ಹಿಮದ ರಾತ್ರಿ ಬಂದ ಆ ಮಗುವಿನ ಹೆಸರು ಎಪ್ಪಿ. ತುಂಟತನ ಮಾಡಿದ ಎಪ್ಪಿಗೆ ಬುದ್ಧಿ ಬರಲಿ ಅಂತ ಸೈಲಸ್ ಅವಳನ್ನು ಇದ್ದಿಲ ಗೂಡಿನಲ್ಲಿ ಕೂರಿಸುತ್ತಾನೆ. ಅಯ್ಯೋ ಅಂತ ತಕ್ಷಣ ತೆಗೆದು, ಮೈ ತೊಳೆದು, ಬಟ್ಟೆ ಬದಲಾಯಿಸುತ್ತಾನೆ. ಅವನು ಅತ್ತ ತಿರುಗಿದ್ದೇ ತಡ, ಅವಳು ತಾನೇ ಹೋಗಿ ಗೂಡಿನಲ್ಲಿ ಕೂತು ತೊದಲು ಮಾತಿನಲ್ಲಿ ಇಲ್ಲೀನಿ ಅಂತ ಸಾರುತ್ತಾಳೆ. ನಮ್ಮ ಮನೆಯಲ್ಲಿ ಇದನ್ನು ಹನ್ನೊಂದು ಸಲ ಹಾಕಿಸಿದ್ದಾರೆ.

ಸಂಕ್ಷಿಪ್ತ ಪ್ರತಿ ಕೇಳಿದರೆ ಸಾಲದಾ?

ಸಂಕ್ಷಿಪ್ತ ಮಾಡುವವರು ಮೊದಲು ಕತ್ತರಿ ಹಾಕುವುದು ರೈನ್‌ಬೋ ಮಾತುಗಳಿಗೆ. ಕತೆ ಮುಂದಕ್ಕೆ ಹೋಗುವುದಿಲ್ಲವಲ್ಲ. ಬೇಡ.

ಕೇಳಿದರೆ ಓದಿದ ಲೆಕ್ಕವಾ?

ಪರೀಕ್ಷೆಗಾದರೆ ಅಲ್ಲ, ಪುಟದ ನಂಬರು ಬರೆಯಬೇಕಾಗುತ್ತದೆ. ಉಳಿದಂತೆ ಈ ಜಗಳಕ್ಕೆ ರೈನ್‌ಬೋ ಯಜಮಾನನ ಉತ್ತರವೇ ಸರಿ: ನಿನ್ನದೂ ಸರಿ, ನಿನ್ನದೂ ಸರಿ.

ಸಿನಿಮಾ ಇದೆಯಾ?

1985ರಲ್ಲಿ ಬಿಬಿಸಿ ಮಾಡಿದ ಟಿವಿ ಚಿತ್ರ ಇದೆ, ಬೆನ್ ಕಿಂಗ್ಸ್‌ಲಿ ಸೈಲಸ್. ಪುಸ್ತಕ ಮುಗಿದ ಮೇಲೆ ನೋಡಿ. ಮೊದಲೇ ನೋಡಿದರೆ ಸೈಲಸ್‌ಗೆ ಬೇರೆ ಮುಖವೇ ಬರುವುದಿಲ್ಲ.

ಇದಾದ ಮೇಲೆ ಯಾವುದು?

ನಗು ಬೇಕಿದ್ದರೆ ಎಲಿಜಬೆತ್ ಗ್ಯಾಸ್ಕೆಲ್ ಅವರ ‘ಕ್ರ್ಯಾನ್‌ಫರ್ಡ್’. 1851ರಿಂದ 1853ರವರೆಗೆ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದದ್ದು, ಹಾಗಾಗಿ ಬಿಡಿಬಿಡಿಯಾಗಿಯೇ ಕೇಳಬಹುದು. ಹಳ್ಳಿಯ ಮಾತೇ ಇನ್ನೂ ಬೇಕು ಅಂದ್ರೆ ಥಾಮಸ್ ಹಾರ್ಡಿಯ ‘ಅಂಡರ್ ದ ಗ್ರೀನ್‌ವುಡ್ ಟ್ರೀ’, 1872ರದ್ದು. ಹಳ್ಳಿ ಚರ್ಚಿನಲ್ಲಿ ಪಿಟೀಲು ಬಾರಿಸುತ್ತಿದ್ದ ಮೇಳವನ್ನು ಹೊಸ ಪಾದ್ರಿ ಬಿಡಿಸಿ ಆರ್ಗನ್ ತರಿಸುತ್ತಾನೆ. ಮೇಳದವರು ಅದರ ಬಗ್ಗೆ ಮಾತಾಡಲು ಗುಂಪು ಕಟ್ಟಿಕೊಂಡು ಅವನ ಮನೆಗೆ ಹೋಗುತ್ತಾರೆ. ನಾನೀಗ ಅಲ್ಲಿದ್ದೇನೆ, ಇನ್ನೂ ಬಾಗಿಲು ತಟ್ಟಿಲ್ಲ.